ಏಳನೇ ವಯಸ್ಸಿಗೆ ಮುಟ್ಟು, ಎತ್ತರ ಮಾತ್ರ ನಿಂತಲ್ಲೇ

ಗದಗಿನ ತಾಯಿ: ಮಗಳಿಗೆ 7 ವರ್ಷ. ಎದೆ ಮೂಡಿದೆ, ಕಳೆದ ವಾರ ರಕ್ತಸ್ರಾವವೂ ಆಯಿತು. ಆದರೆ ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಗಿಡ್ಡ. ಥೈರಾಯ್ಡ್ ಕಡಿಮೆಯಾದರೆ ಹೀಗಾಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ: ಆಗುತ್ತದೆ ತಂಗಿ, ನನ್ನ ಮಗಳಿಗೇ ಆಗಿತ್ತು. ಬೇಗ ಮೈನೆರೆಯುವ ಮಕ್ಕಳು ಸಾಮಾನ್ಯವಾಗಿ ಸರಸರನೆ ಎತ್ತರವಾಗುತ್ತಾರೆ. ನಮ್ಮವಳದು ಇದಕ್ಕೆ ತದ್ವಿರುದ್ಧ. ಪ್ರತಿ ಪಂಚಮಿಗೆ ಅವಳನ್ನು ಅಡುಗೆಮನೆಯ ಬಾಗಿಲಿಗೆ ನಿಲ್ಲಿಸಿ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಎರಡು ವರ್ಷದ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದಿದ್ದವು. ಅದನ್ನು ಹೇಳಿದ ಕೂಡಲೇ ಮಕ್ಕಳ ವೈದ್ಯರು ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಥೈರಾಯ್ಡ್ ಕಡಿಮೆಯಾದಷ್ಟೂ ಇದು ಏರುತ್ತದೆ. 5ರ ಆಸುಪಾಸಿನೊಳಗೆ ಇರಬೇಕಾದ ಟಿಎಸ್‌ಎಚ್ 200 ದಾಟಿತ್ತು! ಅಷ್ಟು ಏರಿದ ಟಿಎಸ್‌ಎಚ್ ಅಂಡಾಶಯವನ್ನೂ ಕೆರಳಿಸುತ್ತದೆಯಂತೆ. 1960ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಲ್ಲೇ ಇದಕ್ಕೆ ವ್ಯಾನ್ ವೈಕ್-ಗ್ರಂಬಾಕ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರು ಬರೆದಿಟ್ಟುಕೊಳ್ಳಿ, ವೈದ್ಯರನ್ನು ಕೇಳಲು ಬೇಕಾಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ನೀರುಗುಳ್ಳೆಗಳು ಕಂಡವು. ನಾವು ಮೊದಲು ತೋರಿಸಿದ ಕಡೆ ಶಸ್ತ್ರಚಿಕಿತ್ಸೆಯ ಮಾತೆತ್ತಿದ್ದರು. ಥೈರಾಯ್ಡ್ ಪರೀಕ್ಷೆ ಆಗದೆ ಅದಕ್ಕೆ ಒಪ್ಪಬೇಡಿ, ಕೈಮುಗಿದು ಹೇಳುತ್ತೇನೆ. ಥೈರಾಯ್ಡ್ ಕೊರತೆ ತುಂಬುವ ಥೈರಾಕ್ಸಿನ್ ಗುಳಿಗೆ ಶುರುವಾದ ಮೇಲೆ ರಕ್ತಸ್ರಾವ ನಿಂತಿತು, ಕೆಲವು ತಿಂಗಳಲ್ಲಿ ಗುಳ್ಳೆಗಳೂ ಕರಗಿದವು. ಹಾಗೆಂದು ಒಮ್ಮೆಲೇ ಹೊಟ್ಟೆನೋವು, ವಾಂತಿ ಬಂದರೆ ಕಾಯಬೇಡಿ. ಗುಳ್ಳೆಯ ಭಾರಕ್ಕೆ ಅಂಡಾಶಯ ತಿರುಚಿಕೊಳ್ಳಬಹುದು, ಆಗ ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು.

ಇನ್ನೊಂದು ವಿಷಯ. ನಮ್ಮ ಅತ್ತೆಯವರು ಆರತಿ ಮಾಡಲು ದಿನ ನೋಡಿಸಿ, ಬೀಗರಿಗೂ ಹೇಳಿಬಿಟ್ಟಿದ್ದರು. ‘ಇವಳು ದೊಡ್ಡವಳಾಗಿಲ್ಲ ಅತ್ತೆ, ಇವಳಿಗೆ ಹುಷಾರಿಲ್ಲ’ ಎಂದು ಕೂರಿಸಿ ತಿಳಿಹೇಳಿದೆ. ಮಗು ಆವತ್ತು ಒಳಗಿನ ಕೋಣೆಯಲ್ಲಿ ಗೊಂಬೆ ಹಿಡಿದು ಕುಳಿತಿತ್ತು.

ಧಾರವಾಡದಿಂದ: ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ಕೊಡಿ. ಹಾಲು, ಚಹಾ ಎಲ್ಲ ಅರ್ಧ-ಮುಕ್ಕಾಲು ಗಂಟೆಯ ನಂತರ. ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆಗಳಿಗೂ ಇದಕ್ಕೂ 4 ಗಂಟೆ ಅಂತರವಿರಲಿ. ರಕ್ತಸ್ರಾವ ನಿಂತಿತೆಂದು ನಾವು ಒಮ್ಮೆ ಗುಳಿಗೆ ಬಿಡಿಸಿ ಪಶ್ಚಾತ್ತಾಪಪಟ್ಟೆವು.

ಹಾವೇರಿಯಿಂದ: ಗಂಡುಮಕ್ಕಳಲ್ಲೂ ಉಂಟು. ನನ್ನ ತಮ್ಮನ ಮಗನಿಗೆ ವೃಷಣ ದೊಡ್ಡದಾಗಿತ್ತು, ದನಿ ಮಾತ್ರ ಒಡೆದಿರಲಿಲ್ಲ.

ಗದಗಿನ ತಾಯಿ: ನಾಳೆಯೇ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಅಕ್ಕಾ, ಮಗಳು ಆಮೇಲೆ ಬೆಳೆದಳೇ?

ಹುಬ್ಬಳ್ಳಿಯಿಂದ: ಬೆಳೆದಳು ತಂಗಿ. ಈ ಪಂಚಮಿಯ ಗೆರೆ ಹಳೆಯದಕ್ಕಿಂತ ನಾಲ್ಕು ಬೆರಳು ಮೇಲಿದೆ.