ಕೊರೊನರಿ ಫಿಸ್ಟುಲಾ: ಎದೆ ತೆರೆಯದೆ ಮುಚ್ಚಬಹುದೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ಮಗಳಿಗೆ ಏಳು ವರ್ಷ. ಜ್ವರಕ್ಕೆಂದು ತೋರಿಸಿದಾಗ ಎದೆಯಲ್ಲಿ ಮರ್ಮರ ಶಬ್ದ ಕೇಳಿಸಿತು. ಎಕೋ ಮಾಡಿ, ಹೃದಯದ ಸ್ನಾಯುವಿಗೆ ರಕ್ತ ಕೊಡುವ ಬಲ ಕೊರೊನರಿ ರಕ್ತನಾಳ ನೇರವಾಗಿ ಬಲ ಹೃತ್ಕುಕ್ಷಿಗೆ (ಹೃದಯದ ಬಲ ಕೆಳಕೋಣೆಗೆ) ತೆರೆದುಕೊಂಡಿದೆ, ಈ ತಪ್ಪು ದಾರಿ ಅಂದರೆ ಫಿಸ್ಟುಲಾ ದೊಡ್ಡದಿದೆ, ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಮುಚ್ಚಬೇಕು ಎಂದರು. ಮಗು ಆಡಿಕೊಂಡು ಚೆನ್ನಾಗಿಯೇ ಇದೆ. ಮುಚ್ಚಲೇಬೇಕೇ?

ಉತ್ತರ: ನಮಸ್ಕಾರ ಅಮ್ಮ. ಫಿಸ್ಟುಲಾ ದೊಡ್ಡದಿದ್ದರೆ ತೊಂದರೆ ಕಾಣದಿದ್ದರೂ ಸಾಮಾನ್ಯವಾಗಿ ಮುಚ್ಚುತ್ತೇವೆ. ಹೃದಯದ ಸ್ನಾಯುವಿಗೆ ಹೋಗಬೇಕಾದ ರಕ್ತ ಒತ್ತಡ ಕಡಿಮೆಯಿರುವ ಕಡೆಗೆ ಹರಿದುಹೋಗುತ್ತದೆ. ವರ್ಷ ಕಳೆದಂತೆ ನಾಳ ಹಿಗ್ಗುತ್ತದೆ, ಹೃದಯಕ್ಕೆ ಹೊರೆ ಹೆಚ್ಚುತ್ತದೆ. ಎಷ್ಟೋ ಜನರಿಗೆ ಏದುಸಿರು, ಎದೆನೋವು ಶುರುವಾಗುವುದು ದೊಡ್ಡವರಾದ ಮೇಲೆ.

ಕ್ಯಾತಿಟರ್ ವಿಧಾನ 1983ರಿಂದ ಬಳಕೆಯಲ್ಲಿದೆ. ತೊಡೆಸಂದಿನ ರಕ್ತನಾಳದೊಳಗೆ ತೆಳುವಾದ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಫಿಸ್ಟುಲಾವರೆಗೆ ತಲುಪಿ, ಕಾಯಿಲ್ (ಸುರುಳಿ ತಂತಿ) ಅಥವಾ ಪ್ಲಗ್ (ಬಿರಡೆಯಂಥ ಸಾಧನ) ಕೂರಿಸುತ್ತೇವೆ. ಇದರಲ್ಲಿ ನಿಜವಾದ ಪರೀಕ್ಷೆ ಜಾಗದ ಆಯ್ಕೆ. ಸ್ನಾಯುವಿಗೆ ರಕ್ತ ಕೊಡುವ ಕೊನೆಯ ಕವಲು ದಾಟಿದ ಮೇಲೆಯೇ ಮುಚ್ಚಬೇಕು. ಆ ಕವಲಿಗಿಂತ ಹಿಂದೆಯೇ ಮುಚ್ಚಿದರೆ ನಾವೇ ಹೃದಯಾಘಾತ ಮಾಡಿದಂತಾಗುತ್ತದೆ. ಅದಕ್ಕೇ ಎಷ್ಟೋ ಸಲ ಮೊದಲು ಅಲ್ಲಿ ಸಣ್ಣ ಬಲೂನ್ ಉಬ್ಬಿಸಿ, ಕೆಲವು ನಿಮಿಷ ಇಸಿಜಿಯ ಮೇಲೆ ಕಣ್ಣಿಟ್ಟು ಕಾಯುತ್ತೇವೆ. ಗೆರೆ ಏರುಪೇರಾದರೆ ಬಲೂನ್ ಇಳಿಸಿ ಜಾಗವನ್ನು ಮತ್ತೆ ಯೋಚಿಸುತ್ತೇವೆ.

ನಾಳ ತೀರಾ ಅಂಕುಡೊಂಕಾಗಿದ್ದರೆ, ಫಿಸ್ಟುಲಾಗೆ ಹಲವು ಬಾಯಿಗಳಿದ್ದರೆ ಶಸ್ತ್ರಚಿಕಿತ್ಸೆಯೇ ಮೇಲು. ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಆಗಿಲ್ಲದಿದ್ದರೆ ಮಾಡಿಸಿ. ದಾರಿ ಅದರಲ್ಲಿ ಸ್ಪಷ್ಟವಾಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನನಗೆ 52 ವರ್ಷ. ಬೇರೆ ಕಾರಣಕ್ಕೆ ಆಂಜಿಯೋಗ್ರಾಮ್ ಮಾಡಿದಾಗ ಸಣ್ಣ ಫಿಸ್ಟುಲಾ ಕಂಡಿತು. ಏನೂ ತೊಂದರೆಯಿಲ್ಲ. ನಾನೂ ಮುಚ್ಚಿಸಬೇಕೇ?

ಉತ್ತರ: ಸಣ್ಣದು, ತೊಂದರೆ ಕೊಡದಿರುವುದು ಎಂದರೆ ಮುಟ್ಟದಿರುವುದೇ ವಾಸಿ. ಆಗಾಗ ಎಕೋ ಮಾಡಿಸುತ್ತಿರಿ. ಎದೆನೋವು ಬಂದರೆ ಮಾತ್ರ ತಡಮಾಡಬೇಡಿ.

ಪ್ರಶ್ನೆ (ಮಗುವಿನ ತಾಯಿ): ಮುಚ್ಚಿದ ಮೇಲೆ ಮುಗಿಯಿತೇ ಡಾಕ್ಟರೇ?

ಉತ್ತರ: ಇಲ್ಲಮ್ಮ, ಇದನ್ನು ಒತ್ತಿ ಹೇಳುತ್ತೇನೆ. ಹಿಗ್ಗಿದ ನಾಳ ತಕ್ಷಣ ಕುಗ್ಗುವುದಿಲ್ಲ. ಹರಿವು ನಿಧಾನವಾದ ಆ ಅಗಲ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೆಪ್ಪು ಒಳ್ಳೆಯ ಕವಲುಗಳನ್ನೂ ಮುಚ್ಚಬಹುದು. ಅದಕ್ಕಾಗಿ ಆಸ್ಪಿರಿನ್, ಕೆಲವರಿಗೆ ಇನ್ನೂ ಬಲವಾದ ಔಷಧ ಕೊಡುತ್ತೇವೆ. ಮಗು ಚೆನ್ನಾಗಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಮೊದಲ ಆರು ತಿಂಗಳಲ್ಲಿ ಹಲ್ಲಿನ ಚಿಕಿತ್ಸೆ ಇದ್ದರೆ ಒಳಗೆ ಸಾಧನ ಕೂರಿಸಿದ್ದಾರೆ ಎಂದು ದಂತವೈದ್ಯರಿಗೆ ಮೊದಲೇ ತಿಳಿಸಿ. ಸೋಂಕು ತಡೆಯಲು ಆಂಟಿಬಯೋಟಿಕ್ ಬೇಕಾಗಬಹುದು.