ಕಲಿಕಾ ಫಲ ಸ್ಪಷ್ಟವಾಗಿ ಬರೆಯುವುದು ಹೇಗೆ? ಸ್ಮಾರ್ಟ್ ಟಿವಿ ಎಲ್ಲಿ ಬಳಸಲಿ?

ವಿಜ್ಞಾನ ಟೀಚರ್:
ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಶುರು ಮಾಡಬೇಕು. ಪಾಠ ಯೋಜನೆಯಲ್ಲಿ ಕಲಿಕಾ ಫಲ, ಅಂದರೆ ಪಾಠ ಮುಗಿದಾಗ ಮಕ್ಕಳಿಗೆ ಏನು ಬರಬೇಕು ಎಂಬಲ್ಲಿ, "ಮಕ್ಕಳು ಸರಣಿ ಮತ್ತು ಸಮಾಂತರ ಜೋಡಣೆಯನ್ನು ಅರ್ಥ ಮಾಡಿಕೊಳ್ಳುವರು" ಎಂದು ಬರೆದಿದ್ದೆ. ಯೋಜನೆ ನೋಡಿದವರು ಸ್ಪಷ್ಟವಾಗಿಲ್ಲ, ತಿದ್ದಿ ಅಂದರು. ಹೇಗೆ ತಿದ್ದಬೇಕು ಅಂತ ಯಾರೂ ಹೇಳಲಿಲ್ಲ. ಹೊಸ ಸ್ಮಾರ್ಟ್ ಟಿವಿ ಬೇರೆ ಬಂದಿದೆ, ಅದನ್ನೂ ಬಳಸಬೇಕು. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಜಾಲತಾಣದ ಪಾಠದ ವಿಡಿಯೊ ಹಾಕಿದರೆ ಸಾಕಾ?

ಹಳೇ ಮೇಷ್ಟ್ರು:
ಮೇಡಂ, ಕಲಿಕೆಯ ಹಂತಗಳನ್ನು ವಿಂಗಡಿಸಿದ ಬ್ಲೂಮ್ ಅವರ ಪಟ್ಟಿ ಬಿ.ಎಡ್‌ನಲ್ಲಿ ಓದಿರುತ್ತೀರಿ. 1956ರದ್ದು, 2001ರಲ್ಲಿ ಪರಿಷ್ಕರಿಸಿದರು. ಅದರಲ್ಲಿ ಅರ್ಥ ಮಾಡಿಕೊಳ್ಳುವುದು ಒಂದು ಹಂತ ಅಷ್ಟೇ. ಮಗು ಆ ಹಂತ ಮುಟ್ಟಿತು ಅಂತ ನಿಮಗೆ ಗೊತ್ತಾಗುವುದು ಹೇಗೆ? ಅದನ್ನು ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ: "ಎರಡು ಬಲ್ಬ್, ಬ್ಯಾಟರಿ, ವೈರ್ ಕೊಟ್ಟಾಗ ಮಗು ಅವನ್ನು ಸರಣಿ (ಒಂದೇ ದಾರಿಯಲ್ಲಿ ಒಂದರ ನಂತರ ಒಂದು), ಸಮಾಂತರ (ಒಂದೊಂದಕ್ಕೂ ಬೇರೆ ದಾರಿ) ಎರಡೂ ಕ್ರಮದಲ್ಲಿ ಜೋಡಿಸುವುದು; ಒಂದು ಬಲ್ಬ್ ತೆಗೆದರೆ ಇನ್ನೊಂದು ಏನಾಗುತ್ತದೆ ಎಂದು ಮೊದಲೇ ಹೇಳಿ, ಕಾರಣವನ್ನು ಎರಡು ವಾಕ್ಯದಲ್ಲಿ ಬರೆಯುವುದು." ಈಗ ಪೀರಿಯಡ್ ಮುಗಿಯುವಾಗ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ನೋಟ್ಸ್ ನೋಡಿದರೇ ತಿಳಿಯುತ್ತದೆ. ಒಂದು ಪೀರಿಯಡ್‌ಗೆ ಇಂಥದ್ದು ಒಂದು ಸಾಕು, ಸುಮ್ನೆ ಐದಾರು ತುಂಬಿಸಬೇಡಿ.

ವಿಡಿಯೊ ವಿಷಯಕ್ಕೆ ಬಂದರೆ, ಈ ಕಲಿಕಾ ಫಲಕ್ಕೆ ಅದು ಸಾಲದು. ವಿಡಿಯೊದಲ್ಲಿ ಜೋಡಿಸುವವರು ಬೇರೆಯವರು, ಮಕ್ಕಳು ನೋಡುವುದಷ್ಟೇ ಅಲ್ವಾ?

ಲ್ಯಾಬ್ ಪ್ರಿಯ:
ಫೆಟ್ (PhET) ನೋಡಿ ಮೇಡಂ, ಪರದೆಯ ಮೇಲೆ ನಾವೇ ಮಾಡಿ ನೋಡಬಹುದಾದ ಪ್ರಯೋಗಗಳು, ಅಂದರೆ ಸಿಮ್ಯುಲೇಷನ್‌ಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ್ದು, ಪುಕ್ಕಟೆ, ಕೆಲವು ಕನ್ನಡದಲ್ಲೂ ಸಿಗುತ್ತವೆ. ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಷನ್ ಇದೆ. ಮನೆಯಲ್ಲೇ ಲ್ಯಾಪ್‌ಟಾಪ್‌ಗೆ ಡೌನ್‌ಲೋಡ್ ಮಾಡಿಕೊಂಡು ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಕೊಡಿ, ನೆಟ್ ಬೇಕಾಗಿಲ್ಲ. ಆದರೆ ಮೊದಲು ಎಲ್ಲರೂ ತಮ್ಮ ಊಹೆ ಬರೆಯಲಿ, ಆಮೇಲೆ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕರೆದು ಬಲ್ಬ್ ತೆಗೆಸಿ. ಊಹೆ ತಪ್ಪಿದವರು ತಾವೇ "ಇನ್ನೊಮ್ಮೆ ತೋರಿಸಿ" ಅಂತ ಕೇಳುತ್ತಾರೆ, ಆ ಹೊತ್ತು ತುಂಬಾ ಬೆಲೆಬಾಳುವಂಥದ್ದು.

ವಿಜ್ಞಾನ ಟೀಚರ್:
ತುಂಬಾ ಉಪಕಾರವಾಯಿತು ಇಬ್ಬರಿಗೂ. ಹಾಗಾದರೆ ನಿಜವಾದ ಬಲ್ಬ್, ಸೆಲ್ ಬೇಡವೇ?

ಲ್ಯಾಬ್ ಪ್ರಿಯ:
ಅಯ್ಯೋ, ಬೇಕೇ ಬೇಕು! ಟಾರ್ಚ್ ಬಲ್ಬ್‌ಗಳನ್ನು ಹಳೇ ಸೆಲ್‌ಗೆ ಸಮಾಂತರವಾಗಿ ಜೋಡಿಸಿದರೆ, ಎರಡನೆಯದು ಸೇರಿದ ಕೂಡಲೇ ಮೊದಲನೆಯದು ಸ್ವಲ್ಪ ಮಂಕಾಗುತ್ತದೆ. ಪರದೆಯಲ್ಲಿ ಹಾಗಾಗಲಿಲ್ಲವಲ್ಲ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಸೆಲ್‌ಗೂ ತನ್ನದೇ ಆಂತರಿಕ ರೋಧ, ಅಂದರೆ ಕರೆಂಟ್‌ಗೆ ಒಳಗೇ ಒಂದು ತಡೆ, ಇರುತ್ತದೆ, ಹಳೆಯದಾದಷ್ಟೂ ಅದು ಜಾಸ್ತಿ. ಫೆಟ್‌ನಲ್ಲಿ ಬ್ಯಾಟರಿಯ ರೋಧ ಹೆಚ್ಚಿಸುವ ಸ್ಲೈಡರ್ ಇದೆ. ಅದನ್ನು ಸರಿಸಿದರೆ ಪರದೆಯ ಬಲ್ಬ್ ಕೂಡ ಮಂಕಾಗುವುದನ್ನು ಅವರಿಗೇ ತೋರಿಸಬಹುದು.