ಪ್ಲಸ್ ಟು ಆಯ್ತು, ಪಟ್ಟಿಯಲ್ಲಿ ಹೆಸರಿಲ್ಲ: ನರ್ಸಿಂಗಾ, ಬಿಸಿಎಯಾ?

ಪೆರ್ಲದ ಹುಡುಗಿ

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯವಳು. ಹತ್ತನೆಯವರೆಗೆ ಕನ್ನಡ ಮೀಡಿಯಂ, ಆಮೇಲೆ ಪ್ಲಸ್ ಟು ಸೈನ್ಸ್. ಬಯಾಲಜಿಯೂ ಇತ್ತು, ಗಣಿತವೂ ಇತ್ತು. ನೀಟ್‌ನಲ್ಲಿ ಎಂಬಿಬಿಎಸ್ ಮಾತೆತ್ತುವಷ್ಟು ಅಂಕ ಬರಲಿಲ್ಲ. ಅರ್ಜಿ ಹಾಕಿದ ಯೂನಿವರ್ಸಿಟಿಗಳ ಪಟ್ಟಿಯಲ್ಲಿ ಹೆಸರಿಲ್ಲ. ಕೇರಳದಲ್ಲಿ ನರ್ಸಿಂಗ್ ಸೀಟು ಹಂಚುವ ಎಲ್‌ಬಿಎಸ್ ಸೆಂಟರಿನ ಅಲಾಟ್‌ಮೆಂಟಿನಲ್ಲಿ ಸರಕಾರಿ ನರ್ಸಿಂಗ್ ಸೀಟು ಸಿಗುವ ಲಕ್ಷಣವೂ ಕಾಣುವುದಿಲ್ಲ. ಈಗ ಉಳಿದದ್ದು ಎರಡು: ಮಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ಬಿಎಸ್ಸಿ ನರ್ಸಿಂಗ್, ಇಲ್ಲದಿದ್ದರೆ ಮನೆಯಿಂದಲೇ ಹೋಗಿಬರುವ ಹಾಗೆ ಬಿಸಿಎ, ಅಂದ್ರೆ ಕಂಪ್ಯೂಟರ್ ಡಿಗ್ರಿ.

ಅಪ್ಪನಿಗೆ ಅಡಿಕೆ ತೋಟ, ಈ ಸಲ ಕೊಳೆರೋಗ ಜೋರು. "ನೀನು ಹೇಳಿದ ಹಾಗೆ" ಅಂತಾರೆ, ಆದರೆ ಫೀಸು ಬರೆದ ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟು ಆಗಾಗ ತೆಗೆದು ನೋಡ್ತಾರೆ. ಅಮ್ಮನಿಗೆ ನರ್ಸಿಂಗ್ ಅಂದ್ರೆ ಜರ್ಮನಿ, ಚಿಕ್ಕಪ್ಪನಿಗೆ ಕಂಪ್ಯೂಟರ್ ಅಂದ್ರೆ ಬೆಂಗಳೂರು. ನನಗೋ, ಹೈಸ್ಕೂಲಿನ ಲಿಟ್ಲ್ ಕೈಟ್ಸ್ ಕಂಪ್ಯೂಟರ್ ಕ್ಲಬ್ಬಿನಲ್ಲಿ ಸ್ಕ್ರ್ಯಾಚ್ ಅನ್ನುವ ಮಕ್ಕಳ ಪ್ರೋಗ್ರಾಮಿಂಗಿನಲ್ಲಿ ಪರದೆಯ ಬೆಕ್ಕನ್ನು ಓಡಿಸಿದ್ದು ಬಹಳ ಇಷ್ಟವಾಗಿತ್ತು. ಅಜ್ಜಿ ಹಾಸಿಗೆ ಹಿಡಿದಾಗ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿದ್ದೂ ನಾನೇ, ಅಸಹ್ಯ ಅನ್ನಿಸಲಿಲ್ಲ. ಎಂತ ನೋಡಿ ತೀರ್ಮಾನ ಮಾಡುವುದು?

ಕುಂಬಳೆ ಮಾಣಿ

ನಾನು ಬಿಸಿಎ ಮಾಡಿದವ, ಈಗ ಮಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ನಮ್ಮ ಲೈನಿಗೆ ಕೌನ್ಸಿಲ್ಲೂ ಇಲ್ಲ, ಲೈಸೆನ್ಸೂ ಇಲ್ಲ, ಯಾರೂ ಬರಬಹುದು. ಅದೇ ಅನುಕೂಲ, ಅದೇ ತಾಪತ್ರಯ. ಮೊದಲ ಕೆಲಸಕ್ಕೆ ಬಿಇ ಆದವರ ಜೊತೆಗೇ ಸಾಲಿನಲ್ಲಿ ನಿಲ್ಲಬೇಕು. ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡಿಗಿಂತ "ನೀನೇ ಮಾಡಿದ್ದು ಎಂತ ಉಂಟು, ತೋರಿಸು" ಅಂತಾರೆ.

ಕಣ್ಣೂರು ಯೂನಿವರ್ಸಿಟಿಯಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿ. ಮೂರಕ್ಕೆ ಬಿಟ್ಟರೂ ಡಿಗ್ರಿ ಸಿಗುತ್ತದೆ. ಫೀಸು ಕಮ್ಮಿ ನಿಜ. ಆದರೆ ಫೀಸು ಕಮ್ಮಿ ಅಂತ ಮಾತ್ರ ಸೇರಬೇಡಿ. ಒಂದು ಕೆಲಸ ಮಾಡಿ ನೋಡಿ: ತೋಟದ ಕೂಲಿ ಲೆಕ್ಕ ಇಡುವ ಸಣ್ಣ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆಯಿರಿ. ಎರರ್ ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗ್ತೀರಾ, ಊಟಕ್ಕೆ ಕರೆದರೂ ಕೇಳಿಸದ ಹಾಗೆ ಕೂತುಬಿಡ್ತೀರಾ? ಬೆಕ್ಕು ಓಡಿಸುವುದು ಎಲ್ಲರಿಗೂ ಇಷ್ಟ ಮಾರಾಯ್ರೆ.

ನೈಟ್ ಡ್ಯೂಟಿ

ತಂಗಿ, ನಾನು ಮಂಜೇಶ್ವರದವಳು, ದೇರಳಕಟ್ಟೆ ಕಡೆ ಒಂದು ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್. ಅಜ್ಜಿಯ ಹುಣ್ಣು ತೊಳೆದದ್ದು ಸಣ್ಣ ವಿಷಯವಲ್ಲ. ಆದರೆ ಅಜ್ಜಿ ನಿನ್ನವರು. ರಾತ್ರಿ ಎರಡು ಗಂಟೆಗೆ ಒಬ್ಬ ಅಪರಿಚಿತ ನಿನಗೆ ಬೈತಾ ಡ್ರಿಪ್ಪಿನ ಸೂಜಿ ಕಿತ್ತು ಹಾಕುತ್ತಾನೆ. ಅವನ ಕೈ ಒರೆಸಿ, ಬೇರೆ ನರ ಹುಡುಕಿ, ಯೂರಿನ್ ಬ್ಯಾಗಿನಲ್ಲಿ ಎಷ್ಟು ಎಂಎಲ್ ಅಂತ ಚಾರ್ಟಿನಲ್ಲಿ ಬರೆದು, ಪಕ್ಕದ ಬೆಡ್ಡಿಗೆ ಹೋಗಬೇಕು. ಬೆಳಿಗ್ಗೆ ಹ್ಯಾಂಡ್‌ಓವರ್ ಕೊಡುವಾಗ ಒಂದು ಅಂಕಿ ಬಿಟ್ಟುಹೋದರೂ ಕೇಳುವವರುಂಟು. ಇದರಲ್ಲಿ ನನಗೆ ಖುಷಿಯುಂಟು, ಸುಳ್ಳು ಹೇಳುವುದಿಲ್ಲ. ಉಪ್ಪಳದ ಬ್ಯಾರಿ ಅಜ್ಜ, ಪುತ್ತೂರಿನ ತುಳು ಅಮ್ಮ, ಪಯ್ಯನ್ನೂರಿನ ಮಲಯಾಳಿ, ಎಲ್ಲರೂ ಡಾಕ್ಟರ್ ಹೋದ ಮೇಲೆ ನನ್ನನ್ನೇ ಕರೆಯುವುದು: "ಅವರು ಎಂತ ಹೇಳಿದ್ದು?" ಈ ಭಾಷೆಗಳು ನಮ್ಮ ಕಡೆಯವರಿಗೆ ಪುಕ್ಕಟೆ ಬಂದವು, ವಾರ್ಡಿನಲ್ಲಿ ಅದಕ್ಕೆ ಬೆಲೆಯುಂಟು. ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಅದು ಬೇರೆ ಮಾತು.

ಇನ್ನು ವ್ಯವಹಾರ. ಆ ಕಾಲೇಜಿಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಉಂಟಾ, ಯಾವ ಯೂನಿವರ್ಸಿಟಿಯ ಕೆಳಗೆ ಬರುತ್ತದೆ, ವಾರ್ಡ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ ಅಂತ ನೀನೇ ಕೇಳು. ಸ್ವಂತ ಆಸ್ಪತ್ರೆ ಇಲ್ಲದ ಕಾಲೇಜಾದರೆ ನಾನು ಸೇರಬೇಡ ಅಂತಲೇ ಹೇಳುವುದು. ನಡುವೆ ಏಜೆಂಟ್ ಇದ್ದರೆ ಒರಿಜಿನಲ್ ಸರ್ಟಿಫಿಕೇಟ್ ಅವನ ಕೈಗೆ ಕೊಡಬೇಡ. ನನ್ನ ಜೊತೆ ಓದಿದ ಹುಡುಗಿಯೊಬ್ಬಳು ಮನಸ್ಸು ಬದಲಿಸಿದಾಗ ಅದನ್ನು ಬಿಡಿಸಿಕೊಳ್ಳಲು ದುಡ್ಡು ತೆರಬೇಕಾಯ್ತು. ಕರ್ನಾಟಕದಲ್ಲಿ ಓದಿದರೂ ಮುಂದೆ ಕೇರಳ ಪಿಎಸ್‌ಸಿಯ ಸ್ಟಾಫ್ ನರ್ಸ್ ಹುದ್ದೆ ಬೇಕಾದರೆ ಕೇರಳ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಬೇಕು.

ಅಮ್ಮನಿಗೆ ಹೇಳು: ಜರ್ಮನಿ ಬಾಗಿಲು ನಿಜವಾದದ್ದೇ. ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆ ನರ್ಸುಗಳನ್ನು ಅಲ್ಲಿಗೆ ಕಳಿಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸುಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಜರ್ಮನ್ ಭಾಷೆ ಬಿ1 ಮಟ್ಟ ದಾಟಬೇಕು, ಅದು ತಮಾಷೆಯಲ್ಲ.

ಮತ್ತೆ, ಕರ್ನಾಟಕದ ಪ್ರವೇಶ ಪರೀಕ್ಷೆ ಕೆಸಿಇಟಿ ಬರೆದಿದ್ದೀಯಾ? ಅಲ್ಲಿ ಸರಕಾರಿ ಕೋಟಾದ ಬಿಎಸ್ಸಿ ನರ್ಸಿಂಗ್ ಸೀಟು ಈಗ ಅದರ ಮೂಲಕ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡ, ತುಳು, ಕೊಡವ ಮಾತೃಭಾಷೆಯವರಿಗೆ ಗಡಿನಾಡು ಕನ್ನಡಿಗ ಅಂತ ಅವಕಾಶವುಂಟು, ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಮ್ಮ ಶಾಲೆಗಳಲ್ಲಿ ಇದನ್ನು ಯಾಕೆ ಹೇಳುವುದಿಲ್ಲವೋ.

ಬದಿಯಡ್ಕ ಮಾವ

ನರ್ಸಿಂಗೇ ಸೈ. 2020ರಲ್ಲಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಪಾಡು ನೋಡಿದ್ದೇವೆ. ನಮ್ಮ ಜಿಲ್ಲೆಯ ಉಕ್ಕಿನಡ್ಕ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟು ಮಂಜೂರಾಯ್ತು. ಇನ್ನು ಕೆಲಸ ಮನೆ ಬಾಗಿಲಿಗೇ ಬರ್ತದೆ.

ಕುಂಬಳೆ ಮಾಣಿ

ಮಾವ, ಆ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಅದನ್ನು ನಂಬಿ ಹುಡುಗಿ ಕೋರ್ಸ್ ಆರಿಸುವುದು ಬೇಡ.

ಪೆರ್ಲದ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಮಾಣಿ ಅಣ್ಣ, ನಿನ್ನೆ ಕೂತೆ. ಎರಡನೇ ಎರರಿಗೇ ನಿದ್ದೆ ಬಂತು. ಕೆಸಿಇಟಿ ಬರೆದಿಲ್ಲ, ಗಡಿನಾಡು ವಿಷಯ ಗೊತ್ತೇ ಇರಲಿಲ್ಲ. ನೈಟ್ ಡ್ಯೂಟಿ ಅಕ್ಕ, ಏಜೆಂಟ್ ಒರಿಜಿನಲ್ ಕೇಳಿದ್ದು ನಿಜ, ಶುಕ್ರವಾರದೊಳಗೆ ಕೊಡಬೇಕಂತೆ. ಒಂದು ವರ್ಷ ಕಾದು ಕೆಸಿಇಟಿ ಬರೆದರೆ ತಡವಾಯಿತು ಅಂತಾಗುತ್ತದಾ?

ನೈಟ್ ಡ್ಯೂಟಿ

ಇಲ್ಲ. ನಮ್ಮ ಬ್ಯಾಚಿನಲ್ಲಿ ಹಾಗೆ ಕಾದು ಬಂದವರಿದ್ದರು. ಶುಕ್ರವಾರ ಏಜೆಂಟನಿಗೆ ಫೋನ್ ಮಾಡಿ ಬೇಡ ಅಂತ ಹೇಳು, ಅಪ್ಪನ ಕೈಯಲ್ಲಿ ಹೇಳಿಸಬೇಡ, ನೀನೇ ಹೇಳು. ಭಾಷಾ ಪರೀಕ್ಷೆಗೆ ಎಂತ ಓದಬೇಕು ಅಂತ ನಾಳೆ ಡ್ಯೂಟಿ ಮುಗಿಸಿ ಬರೆಯುತ್ತೇನೆ.